ಕನ್ನಡಕ ಬೇಡದ ವೆಲ್ಡಿಂಗ್

ಅಣ್ಣನನ್ನು ಹೊರಗೆ ಹೊಡೆಯುತ್ತಿದ್ದಾಗ ನಾನು ಶಟರ್ ಎತ್ತಬೇಕಾಗಿತ್ತು. ಎತ್ತಲಿಲ್ಲ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು, ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ.

ಶ್ರೀರಾಂಪುರದಲ್ಲಿ ನಮ್ಮದು ಗ್ರಿಲ್, ಗೇಟು ಮಾಡುವ ಅಂಗಡಿ. ಅಣ್ಣ ಮಾದೇವನಿಗೆ ಮೊದಲು ಕೈ ಬರುತ್ತಿತ್ತು, ಆಮೇಲೆ ಮಾತು. ಬರಿಗಣ್ಣಲ್ಲಿ ವೆಲ್ಡಿಂಗ್ ನೋಡಿದೆನೆಂದು ಒಮ್ಮೆ ನನ್ನ ಕಪಾಳಕ್ಕೆ ಬಾರಿಸಿದ. ಆಮೇಲೆ ತಾನೇ ಪಕ್ಕದಲ್ಲಿ ಕೂತು, ಉರಿಯುವ ಕಣ್ಣಿಗೆ ಆಲೂಗಡ್ಡೆ ಬಿಲ್ಲೆ ಇಟ್ಟ.

ಚಳಿಗಾಲದ ಸಂಜೆ ಅಂಗಡಿ ಮುಂದೆ ನಿಂತು ಪೂರ್ವಕ್ಕೆ ಕೈ ತೋರಿಸುತ್ತಿದ್ದ. ಸಾಲಾಗಿ ಮೂರು ಚುಕ್ಕಿ, ಎಡಕ್ಕೆ ಕೆಂಪನೆಯ ಆರಿದ್ರಾ, ಬಲಕ್ಕೆ ನೀಲಿಬಿಳುಪಿನ ಒಂದು ನಕ್ಷತ್ರ. "ಆರಿದ್ರಾ ಹೆಸ್ರಲ್ಲಿ ಮಳೆ ಐತೆ, ಅದಕ್ಕೆ ಅವ್ವಂಗೆ ಗೊತ್ತು. ಈ ನೀಲಿ ಚುಕ್ಕಿ ಹೆಸ್ರಲ್ಲಿ ಮಳೆ ಇಲ್ಲ, ಯಾರೂ ಕೇಳಕಿಲ್ಲ. ಕನ್ನಡಕ ಇಲ್ದೆ ನೋಡೋ ವೆಲ್ಡಿಂಗ್ ಅಂದ್ರೆ ಇದೊಂದೇ ಕಣೋ!" ಯಾವುದೋ ಶಾಲೆಯ ಮೈದಾನದಲ್ಲಿ ದೂರದರ್ಶಕ ಇಟ್ಟಿದ್ದವರು ಅವನಿಗೆ ಹೇಳಿದ್ದರಂತೆ: ಅದು ಸೂರ್ಯನಿಗಿಂತ ಬಲು ದೊಡ್ಡದು, ಬಲು ಬಿಸಿ, ಸಾವಿರಾರು ಸೂರ್ಯರ ಬೆಳಕು ಅದೊಂದರಲ್ಲೇ ಇದೆ.

ಒಂದು ಸಂಜೆ ಇದನ್ನು ಕೇಳಿ, ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದ ಲಾರಿ ಡ್ರೈವರ್ ಸೀನ ನಕ್ಕುಬಿಟ್ಟ. "ಬೆಂಕಿ ಅಂದ್ರೆ ಕೆಂಪು ಕಣಣ್ಣೋ. ನೀಲಿ ಅಂದ್ರೆ ಐಸು. ಬೋಲ್ಟು ಸಡ್ಲ ಆಗೈತಾ ನಿಂಗೆ?"

ಅಣ್ಣ ಅವನನ್ನು ಕತ್ತಿನ ಪಟ್ಟಿ ಹಿಡಿದು ನಮ್ಮ ಅಂಗಡಿಗೆ ಎಳೆದು ತಂದ. ಗ್ಯಾಸ್ ಕಟರ್ ಹಚ್ಚಿದ. ಮೊದಲು ಕೆಂಪು ಜ್ವಾಲೆ. ಆಕ್ಸಿಜನ್ ತಿರುವಿದಂತೆ ಅದು ಬುಸುಗುಟ್ಟಿ ನೀಲಿಯಾಯಿತು. "ಈಗ ಯೋಳ್ಲಾ, ಯಾವ್ದು ಬಿಸಿ?" ಎಂದು ಮುಖದ ಹತ್ತಿರ ಹಿಡಿದ. ಸೀನನ ಅರ್ಧ ಮೀಸೆ ಹೋಯಿತು, ತುಟಿ ಬೊಬ್ಬೆ ಎದ್ದಿತು. ಟೀ ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಮಾರನೆಯ ಸಂಜೆ ಸೀನ ಮೂವರನ್ನು ಕಟ್ಟಿಕೊಂಡು ರಾಡು ಹಿಡಿದು ಬಂದ. "ಬನ್ರೋ" ಎಂದು ಅಣ್ಣ ಬಾಗಿಲಿಂದಾಚೆ ಹೋದ. ನಾನು ಶಟರ್ ಎಳೆದೆ, ಅದರ ಹಿಡಿಯ ಮೇಲೆ ಕಾಲಿಟ್ಟು ನಿಂತೆ. ಕಬ್ಬಿಣ ಕಬ್ಬಿಣಕ್ಕೆ ಬೀಳುವ ಸದ್ದು ನನಗೆ ಗೊತ್ತು. ಇದು ಆ ಸದ್ದಲ್ಲ. ತಗಡು ಎರಡು ಸಲ ಒಳಕ್ಕೆ ಬಾಗಿತು. "ಎತ್ತೋ, ತಮ್ಮಾ, ಎತ್ತೋ" ಎಂದು ಅಣ್ಣ ಅಂಗೈಯಲ್ಲಿ ಬಡಿದ. ಶಟರಿನ ಅಡಿಯಿಂದ ರಕ್ತ ಹರಿದು ನನ್ನ ಚಪ್ಪಲಿಗೆ ಮುಟ್ಟಿತು. ಆಗಲೂ ಕಾಲು ತೆಗೆಯಲಿಲ್ಲ.

ಅಣ್ಣ ಬದುಕಿದ, ಕಣ್ಣು ಎರಡೂ ಹೋದವು. "ತಮ್ಮ ಅಂಗಡೀಲಿ ಇರ್ಲಿಲ್ಲ" ಎಂದು ಪೊಲೀಸರಿಗೂ ಅವ್ವನಿಗೂ ಹೇಳಿದ. ನಾನು ತಲೆಯಾಡಿಸಿದೆ.

ತಲೆಗೆ ಬಿದ್ದಿದ್ದ ಪೆಟ್ಟು ಮುಂದಿನ ಚಳಿಗಾಲದಲ್ಲಿ ಅವನನ್ನು ಕೊಂದಿತು. ಸಾಯುವ ಹಿಂದಿನ ಸಂಜೆ ಆಸ್ಪತ್ರೆಯ ಮಂಚದ ಮೇಲಿಂದ, "ಮೂಡೈತೇನೋ?" ಎಂದ. ಅವನ ಬೆರಳು ಹಿಡಿದು ಕಿಟಕಿಯಾಚೆಯ ಆ ನಕ್ಷತ್ರದತ್ತ ಚಾಚಿದೆ. ಆಮೇಲೂ ಬೆರಳು ಬಿಡಲಿಲ್ಲ.

"ಬುಡೋ," ಎಂದ ಅಣ್ಣ. "ಅವತ್ತು ನೀನು ಅಂಗಡೀಲೇ ಇರ್ಲಿಲ್ಲ."

"ಇದ್ದೆ ಕಣಣ್ಣ. ಶಟರ್ ಒತ್ತಿ ಹಿಡ್ಕೊಂಡು ಒಳಗೇ ಇದ್ದೆ. ತಪ್ಪಾಯ್ತು ಕಣಣ್ಣ, ತಪ್ಪಾಯ್ತು."