ಅಂಗಡಿಯಲ್ಲಿ ಬಿಟ್ಟುಬಂದ ಅಪ್ಪನ ಫೋಟೋ

ಎರಡು ವರ್ಷದ ಹಿಂದಿನ ಶ್ರಾವಣ. ಒಂದು ಗುರುವಾರ ಶಾಲೆ ಬಿಟ್ಟ ಮೇಲೆ ಮನೆಗೊಂದು ಪ್ರಿಂಟರ್ ಆರಿಸಲು ಬಳ್ಳಾರಿಯ ಕಂಪ್ಯೂಟರ್ ಅಂಗಡಿಗೆ ಹೋದೆ.

ಹಚ್ಚೊಳ್ಳಿಯ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಈಗ ಬಳ್ಳಾರಿಯಲ್ಲಿ ಟೀಚರ್. ನನ್ನ ಘಟಿಕೋತ್ಸವಕ್ಕೆ ಅಪ್ಪ ಬಿಳಿ ರುಮಾಲು ಸುತ್ತಿಕೊಂಡು ಬಂದಿದ್ದ. ಅವತ್ತು ನಾವಿಬ್ಬರೂ ತೆಗೆಸಿಕೊಂಡ ಫೋಟೋ ದೊಡ್ಡದು ಮಾಡಲು ಕೊಟ್ಟರೆ ಸ್ಟುಡಿಯೋದವರು ಅವನ ಮುಖಕ್ಕೆ ಪೌಡರ್ ಬಳಿದ ಹಾಗೆ ಬೆಳ್ಳಗೆ ಮಾಡಿಬಿಟ್ಟರು. "ಇವ ಯಾವ ಸಾಹುಕಾರ?" ಎಂದಿದ್ದ ಅಪ್ಪ. ಗದ್ದೆಯ ಬಿಸಿಲಿಗೆ ಕಪ್ಪಾದ ಮುಖ ಅದು, ನನ್ನನ್ನು ಓದಿಸಿದ ಮುಖ. ಇದ್ದ ಹಾಗೇ ಬರಬೇಕು, ನಾನೇ ಮುದ್ರಿಸುತ್ತೇನೆ ಎಂದು ಹಟ ಹಿಡಿದೆ.

ಅಂಗಡಿಯವರು ತೋರಿಸಿದ ಹೂವಿನ ಚಿತ್ರಗಳು ಎಲ್ಲ ಮಷೀನಿನಲ್ಲೂ ಚೆಂದ ಕಾಣುತ್ತಿದ್ದವು. ನಾನು ಪೆನ್‌ಡ್ರೈವ್ ಕೊಟ್ಟು ಅಪ್ಪನೊಬ್ಬನ ಮುಖವನ್ನೇ ಹಾಳೆಯ ತುಂಬ ತೆಗೆಸಿದೆ. ಲೇಸರ್ ಪ್ರಿಂಟರಿನಲ್ಲಿ ಮುಖದ ಗೆರೆಗಳೇ ಮಾಯ. ನಾಲ್ಕು ಬಣ್ಣದ ಇಂಕಿನದರಲ್ಲಿ ಕೆಂಪು ಜಾಸ್ತಿ. ಆರು ಬಣ್ಣದ್ದು, ಒಳ್ಳೆಯ ಫೋಟೋ ಕಾಗದದ ಮೇಲೆ, ಅಪ್ಪನನ್ನೇ ತಂದು ಎದುರಿಗೆ ನಿಲ್ಲಿಸಿತು. ಅದನ್ನೇ ಆರಿಸಿದೆ. ಹೊಸ ಪ್ರಿಂಟರ್ ಸೋಮವಾರ ಬರುತ್ತದೆ ಎಂದರು. ಗಿರಾಕಿಗಳಿಗೆ ತೋರಿಸಲು ಆ ಪ್ರಿಂಟು ಇಲ್ಲೇ ಇರಲಿ ಎಂದು ಮಾಲೀಕರು ಕೇಳಿದಾಗ ಹೆಮ್ಮೆಯಿಂದಲೇ ಬಿಟ್ಟುಬಂದೆ.

ಮರುದಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ ಕುರುಗೋಡಿನಿಂದ ಅಕ್ಕ ಗಂಗಮ್ಮನ ಫೋನು. ಮೊದಲು ಬರೀ ಅಳು. ಆಮೇಲೆ, "ಅಪ್ಪ ಹೋಗಿಬಿಟ್ಟನಂತಲ್ಲಲೇ ಶಾರದಿ. ನಮ್ಮೂರ ಈರಣ್ಣಗ ಗೊತ್ತೈತಿ, ಹಿರೇಮಗಳಿಗೆ ಹೇಳಾಕ ನಿನಗ ಬಾಯಿ ಬರಲಿಲ್ಲೇನು?"

ಹಿಂದಿನ ದಿನ ಬೆಳಿಗ್ಗೆಯಷ್ಟೇ ಅಪ್ಪ "ಕಾಲುವಿಗೆ ನೀರು ಬಿಟ್ಟಾರ" ಎಂದು ಫೋನಿನಲ್ಲಿ ಸಂಭ್ರಮದಿಂದ ಹೇಳಿದ್ದ. ಕಾಲುವೆಯಲ್ಲಿ ಕಾಲು ಜಾರಿತೇ? ಅವನ ಫೋನು ಸ್ವಿಚ್ ಆಫ್. ಅವ್ವನ ಹತ್ತಿರ ಫೋನಿಲ್ಲ. ಪಕ್ಕದ ಮನೆಯವರು ಎತ್ತಲಿಲ್ಲ. ಡಬ್ಬಿ ಹಾಗೇ ಬಿಟ್ಟು ಸಿರುಗುಪ್ಪದ ಬಸ್ಸು ಹತ್ತಿದೆ. ಅಕ್ಕನೂ ಭಾವನ ಜೊತೆ ಅಲ್ಲಿಗೇ ಹೊರಟಿದ್ದಳು.

ಸಿರುಗುಪ್ಪ ಬಸ್‌ಸ್ಟ್ಯಾಂಡಿನಲ್ಲಿ ಭಾವನ ಬೈಕಿನಿಂದ ಇಳಿದ ಅಕ್ಕ ಕೆದರಿದ ಕೂದಲಲ್ಲೇ ನನ್ನ ಮೇಲೆ ಬಂದಳು. "ಫೋಟೋ ದೊಡ್ಡದು ಮಾಡಿಸಿ ಮಾಲಿ ಹಾಕಾಕ ನಿನಗ ಟೈಮ್ ಸಿಕ್ತು. ನನಗ ಫೋನ್ ಹಚ್ಚಾಕ ಸಿಗಲಿಲ್ಲ."

"ಯಾವ ಫೋಟೋ?" ಎಂದೆ.

"ಬಿಳಿ ರುಮಾಲಿಂದು. ಈರಣ್ಣ ಇವತ್ತು ಮುಂಜಾನಿ ಆಧಾರ್ ಜೆರಾಕ್ಸ್ ಮಾಡಸಾಕ ಬಳ್ಳಾರ್ಯಾಗ ಕಂಪ್ಯೂಟರ್ ಅಂಗಡಿಗೆ ಹೋಗಿದ್ನಂತ. ಅಲ್ಲಿ ಮಲ್ಲಿಗಿ ಮಾಲಿ ಹಾಕಿ ಇಟ್ಟಿದ್ರಂತ."

ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಶ್ರಾವಣ ಶುಕ್ರವಾರ. ಪೂಜೆ ಮಾಡಿ ಅಂಗಡಿಯ ಮಷೀನಿಗೆಲ್ಲ ಹೂ ಹಾಕಿದ್ದಾರೆ. ಪ್ರಿಂಟರಿಗೆ ಒರಗಿಸಿದ್ದ ಅಪ್ಪನಿಗೂ ಸೇರಿ ಮಾಲೆ ಬಿದ್ದಿದೆ. ವಯಸ್ಸಾದವರೊಬ್ಬರ ಮುಖ ಅಷ್ಟು ದೊಡ್ಡದಾಗಿ, ಮಾಲೆಯ ಸಮೇತ ಕಂಡರೆ ನಮ್ಮ ಕಡೆ ಯಾರೂ ಎರಡನೇ ಮಾತು ಕೇಳುವುದಿಲ್ಲ. ಅಕ್ಕನಿಗೆ ಬಿಡಿಸಿ ಹೇಳಿದೆ. ಅವಳು ನಂಬಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ನಂಬಿಕೆ ಬರಲಿಲ್ಲ, ಅಪ್ಪನ ಫೋನು ಇನ್ನೂ ಆಫ್ ಇತ್ತು.

ಭಾವ ಬೈಕಿನಲ್ಲಿ ಹಿಂದೆ ಬಂದರು, ನಾವಿಬ್ಬರೂ ಆಟೋ ಹಿಡಿದೆವು. ಹಚ್ಚೊಳ್ಳಿಗೆ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಕಾಲುವೆಯ ಏರಿಯ ಮೇಲೆ ಹೆಗಲಿಗೆ ಸಲಿಕೆ ಹೊತ್ತ ಒಬ್ಬ ಮನುಷ್ಯ ಬರುತ್ತಿದ್ದ. ಮೊಣಕಾಲವರೆಗೆ ಕೆಸರು. ಅಪ್ಪ. ಅಕ್ಕ ಆಟೋದಿಂದ ಇಳಿದವಳೇ ರಸ್ತೆಯಲ್ಲೇ ಕುಸಿದಳು. ನಾನು ಅಳುತ್ತ ಅವನ ಕಡೆ ಓಡಿದೆ.

ನಮ್ಮಿಬ್ಬರನ್ನೂ ನೋಡಿದ ಅಪ್ಪನ ಹೆಗಲಿಂದ ಸಲಿಕೆ ಜಾರಿ ಬಿತ್ತು. "ನಿಮ್ಮವ್ವಗ ಏನಾತು?" ಎಂದ.

ನಾನು ಅವನ ಕೆಸರು ಕೈ ಹಿಡಿದು ಇನ್ನೂ ಜೋರಾಗಿ ಅತ್ತೆ. ಅದನ್ನು ಅವನು ಬೇರೆಯೇ ತಿಳಿದ. "ಹೇಳವ್ವಾ. ಮುಂಜಾನಿ ಬುತ್ತಿ ಕಟ್ಟಿಕೊಟ್ಟಾಳ ನನಗ. ಚೊಲೋ ಇದ್ಳು," ಎಂದು ಏರಿಯ ಮೇಲೆ ಕುಳಿತುಬಿಟ್ಟ.

ಅವ್ವನಿಗೆ ಏನೂ ಆಗಿಲ್ಲ ಎಂದು ಹೇಳಿ ನಂಬಿಸುವಷ್ಟರಲ್ಲಿ ಸಾಕುಸಾಕಾಯಿತು. ಸತ್ತದ್ದು ತಾನು ಎಂಬ ಸುದ್ದಿ ಕೇಳಿ ಅವನು "ಹೌದೇನು?" ಎಂದನಷ್ಟೇ. ಎದ್ದು, ಫೋನು ಚಾರ್ಜ್ ಇಲ್ಲದೆ ಸತ್ತಿದೆ ಎಂದು ಜೇಬಿನಿಂದ ತೆಗೆದು ತೋರಿಸಿದ. ಸಲಿಕೆಯನ್ನು ಅಲ್ಲೇ ಮರೆತು ಮನೆಯ ಕಡೆ ಬಿರಬಿರನೆ ನಡೆದ.

ಪ್ರಿಂಟರ್ ಸೋಮವಾರ ಬಂತು, ಈಗಲೂ ಚೆನ್ನಾಗಿದೆ. ಕಾಗದ, ಇಂಕು, ಬಣ್ಣ ಎಲ್ಲವನ್ನೂ ಓದಿಕೊಂಡು ಹೋದ ನನಗೆ ಒಂಟಿ ಮುಖದ ದೊಡ್ಡ ಫೋಟೋ ನಮ್ಮ ಜನಕ್ಕೆ ಏನು ಹೇಳುತ್ತದೆ ಎಂಬುದು ಹೊಳೆಯಲಿಲ್ಲವಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ. ಅಪ್ಪ ಅವ್ವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಸಾರಿನ ಉಪ್ಪಿಗೂ ಜಗಳ ಅವರದು. ಅವತ್ತು ಮಾತ್ರ ಆತ ಬಾಗಿಲಲ್ಲಿ ನಿಂತು, ಅಕ್ಕಿ ಆರಿಸುತ್ತಿದ್ದ ಅವ್ವನನ್ನು ಎಷ್ಟೋ ಹೊತ್ತು ನೋಡಿದ. "ಏನು?" ಎಂದಳು ಅವ್ವ. "ಏನಿಲ್ಲ, ನೀರು ಕೊಡು," ಎಂದ.