ಎಣ್ಣಿಗೆ ಬಡತನ ಮಾಡಬ್ಯಾಡ್ರಿ

ಘೋಡಗೇರಿ ಕ್ರಾಸಿನ ದುಂಡಪ್ಪ ಮಿಸ್ತ್ರಿಯ ಗ್ಯಾರೇಜು ಎಷ್ಟು ಚಿಕ್ಕದೋ ಅವನ ಬಾಯಿ ಅಷ್ಟೇ ದೊಡ್ಡದು. ಕೆಲಸ ಕಲಿಯುವ ಕಾಲದಲ್ಲಿ, ಎಣ್ಣೆಯಿಲ್ಲದೆ ಜಾಮ್ ಆದ ಒಂದು ಇಂಜಿನ್ನಿನ ಸಲುವಾಗಿ ಉಸ್ತಾದನಿಂದ ಕಪಾಳಕ್ಕೆ ತಿಂದಿದ್ದ. ಅಂದಿನಿಂದ ಮೂವತ್ತು ವರ್ಷ, ಬಂದ ಡ್ರೈವರುಗಳಿಗೆಲ್ಲ ಒಂದೇ ಉಪದೇಶ: "ಹೊಟ್ಟಿಗೆ ಬಡತನ ಮಾಡ್ರಿ, ಎಣ್ಣಿಗೆ ಬಡತನ ಮಾಡಬ್ಯಾಡ್ರಿ." ಅವರಲ್ಲೊಬ್ಬ ಮಾಲಿಂಗನಂತೂ ಅದನ್ನು ತನ್ನ ಹಳೆಯ ಜೀಪಿನ ಹಿಂದೆ ಹಳದಿ ಅಕ್ಷರದಲ್ಲಿ ಬರೆಸಿಕೊಂಡಿದ್ದ. ದುಂಡಪ್ಪ ಕಂಡಕಂಡವರಿಗೆಲ್ಲ ಅದನ್ನು ಕೈಮಾಡಿ ತೋರಿಸುತ್ತಿದ್ದ. ಮಾತು ಆಡಿದರೆ ಹೋಯಿತು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಅವನಿಗೆ ಅದು ಗೊತ್ತಾಗಲು ಒಂದು ಅಮಾವಾಸ್ಯೆ ಬೇಕಾಯಿತು.

ಆ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅವನ ಹೆಂಡತಿ ಚನ್ನವ್ವ ಹತ್ತು ಹೆಂಗಸರ ಜೊತೆ ಮಾಲಿಂಗನ ಜೀಪು ಹತ್ತಿ, ಹಿಡಕಲ್ ಕಡೆ ಕಬ್ಬಿನ ಕಳೆ ತೆಗೆಯಲು ಹೋದಳು. ಜೀಪು ಮರೆಯಾದ ಮೇಲೂ ನೀಲಿ ಹೊಗೆ ರಸ್ತೆ ಬಿಟ್ಟು ಏಳಲಿಲ್ಲ. ದುಂಡಪ್ಪನಿಗೆ ಅದು ಸರಿ ಕಾಣಲಿಲ್ಲ. ಏನಿದು ಅಂತ ನೋಡುತ್ತಿರುವಾಗಲೇ ಇನ್ನೊಬ್ಬ ಡ್ರೈವರು ಗುಡ್ಡಪ್ಪ ತನ್ನ ಜೀಪು ತಂದು ನಿಲ್ಲಿಸಿದ. ಅದರ ಹಿಂದೆಯೂ ಅದೇ ಹೊಗೆ.

"ಕಾಕಾ, ಯಾರೋ ಮಾಟ ಮಾಡಿಸ್ಯಾರ್ರಿ! ನಿನ್ನೆ ಇಬ್ರೂ ಕೂಡೇ ಅಮಾಸಿ ಪೂಜಿ ಮಾಡೀವಿ. ಇವತ್ತ ಇಬ್ರ ಗಾಡಿಗೂ ಹೊಗಿ!"

"ಮಾಟ ಮಾಡಾವ್ರಿಗೆ ನಿನ್ನ ಡಬ್ಬಾ ಗಾಡಿನ ಸಿಕ್ತೇನಲೇ?"

ಬೈದನೇ ಹೊರತು ದುಂಡಪ್ಪನಿಗೂ ಒಳಗೊಳಗೇ ಅಳುಕು. ಕಪ್ಪು ಹೊಗೆಯಾದರೆ ಡೀಸೆಲ್ ಹೆಚ್ಚು, ಬಿಳಿಯಾದರೆ ನೀರು ಸೇರಿರಬಹುದು, ನೀಲಿ ಅಂದರೆ ಎಣ್ಣೆ ಸುಡುತ್ತಿದೆ. ಗುಡ್ಡಪ್ಪನ ಗಾಡಿಯ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ಇಂಜಿನ್ ಎಣ್ಣೆ ಗೆರೆಗೆ ಸರಿಯಾಗಿತ್ತು. ಎಣ್ಣೆ ಹಾಕುವ ಮುಚ್ಚಳ ಬಿಚ್ಚಿ ಅಂಗೈ ಹಿಡಿದ. ಗಾಳಿ ಉಕ್ಕಲಿಲ್ಲ, ಅಂದರೆ ಪಿಸ್ಟನ್ನಿನ ರಿಂಗು ಸವೆದಿಲ್ಲ. ಹಾಗಾದರೆ ಸುಡುವ ಎಣ್ಣೆ ಎಲ್ಲಿಯದು?

ಇಂಥ ಹಳೆಯ ಜೀಪುಗಳಲ್ಲಿ ಇಂಜಿನ್ನು ಎಳೆಯುವ ಗಾಳಿಯ ಧೂಳು ಹಿಡಿಯಲು ಒಂದು ಎಣ್ಣೆಯ ಬಟ್ಟಲಿರುತ್ತದೆ. ಅದನ್ನು ಬಿಚ್ಚಿದ. ಅರ್ಧಕ್ಕೆ ಗೆರೆ ಇದ್ದರೆ ಎಣ್ಣೆ ಕಂಠದವರೆಗೆ ಇತ್ತು, ಮೇಲೊಂದು ಚೆಂಡುಹೂವಿನ ಎಸಳು.

"ಯಾರಲೇ ಇಷ್ಟ ತುಂಬಿದವ್ರು?"

"ನಾವರಿ. ಅಮಾಸಿ ದಿನ ಬಟ್ಟಲಾ ಅರ್ಧಾ ಬಿಡಬಾರದಂತ. ನೀವ ಹೇಳಿದ್ರಲ್ರಿ, ಎಣ್ಣಿಗೆ ಬಡತನ ಮಾಡಬ್ಯಾಡ್ರಿ ಅಂತ. ಮಾಲಿಂಗ ನನಗಿಂತ ಒಂದ ಕೈ ಹೆಚ್ಚ ಹಾಕ್ಯಾನ."

ದುಂಡಪ್ಪ ಬಟ್ಟಲು ಕೆಳಗಿಟ್ಟು ಫೋನು ತೆಗೆದ. ಹೆಚ್ಚಾದ ಎಣ್ಣೆಯನ್ನು ಇಂಜಿನ್ನು ಗಾಳಿಯ ಜೊತೆ ಎಳೆದುಕೊಳ್ಳುತ್ತದೆ. ಏರಿನಲ್ಲಿ ಜೋರು ಮಾಡಿದರೆ ಅದನ್ನೇ ಕುಡಿದು ಓಡತೊಡಗುತ್ತದೆ. ಆಮೇಲೆ ಡೀಸೆಲ್ ತಪ್ಪಿಸಿದರೂ ನಿಲ್ಲದು. ಹಿಡಕಲ್ ದಾರಿಯಲ್ಲಿ ದೊಡ್ಡ ಏರು ಇದೆ. ಚನ್ನವ್ವ ಆ ಜೀಪಿನಲ್ಲಿದ್ದಾಳೆ.

ಮೂರನೆಯ ಸಲಕ್ಕೆ ಮಾಲಿಂಗ ಫೋನು ಎತ್ತಿದ. ಮಾತಿಗಿಂತ ಮೊದಲು ಇಂಜಿನ್ನಿನ ಅರಚಾಟ, ಹೆಂಗಸರ ಚೀರಾಟ ಕೇಳಿಸಿತು.

"ಕಾಕಾ! ಗಾಡಿ ನಿಲ್ಲಿಸೇನಿ, ಚಾವಿ ಕೈಯಾಗ ಐತಿ, ಇಂಜಿನ್ ಬಂದ್ ಆಗವಲ್ದು!"

"ಹೆಣ್ಮಕ್ಕಳನ್ನ ಇಳಸಲೇ! ಟಾಪ್ ಗೇರ್ ಹಾಕು! ಬ್ರೇಕ್ ಗಟ್ಟಿ ಒತ್ತು, ಕ್ಲಚ್ ಬಿಡು!"

ದಡ್ ಎಂಬ ಸದ್ದು. ಆಮೇಲೆ ಏನೂ ಇಲ್ಲ.

"ಚನ್ನವ್ವಾ! ಏ ಚನ್ನವ್ವಾ!" ನಡುರಸ್ತೆಯಲ್ಲಿ ನಿಂತು ಮಗುವಿನಂತೆ ಕೂಗಿದ.

"ಯಾಕ ಒದರ್ತೀರಿ," ಮಾಲಿಂಗನ ಫೋನು ಕಸಿದುಕೊಂಡು ಅವಳು ಅಂದಳು. "ಇಂಜಿನ್ ಬಂದ್ ಆತು, ಎಲ್ಲಾರೂ ಇಳದೇವಿ. ಕಾಶೆವ್ವ ಜಿಗದು ಮೊಣಕಾಲ ಒಡಕೊಂಡಾಳ." ಆಮೇಲೆ ಅಂದಳು: "ಗಾಡಿ ಹಿಂದ ನಿಂತೇನಿ. ನಿಮ್ಮ ಮಾತ ಓದಾಕತ್ತೇನಿ."

ಮಧ್ಯಾಹ್ನ ಟ್ರ್ಯಾಕ್ಟರು ಆ ಜೀಪನ್ನು ಎಳೆದು ತಂದಿತು. ದುಂಡಪ್ಪ ಬಟ್ಟಲು ಖಾಲಿ ಮಾಡಿ, ಗೆರೆಗೆ ಕೆಂಪು ಬಣ್ಣ ಹಚ್ಚಿ, ಗೆರೆಯವರೆಗಷ್ಟೇ ಎಣ್ಣೆ ಹಾಕಿದ. ಆಮೇಲೆ ಹಿಂದೆ ಹೋಗಿ ಸ್ಕ್ರೂಡ್ರೈವರಿನಿಂದ ಹಳದಿ ಅಕ್ಷರ ಕೆರೆಯತೊಡಗಿದ. ಯಾರೂ ನಗಲಿಲ್ಲ.

"ಕಾಕಾ," ಗುಡ್ಡಪ್ಪ ಮೆಲ್ಲಗೆ ಅಂದ, "ಮೂಡಲಗಿ ಸ್ಟ್ಯಾಂಡಿನಾಗ ಇನ್ನೂ ಏಳ ಗಾಡಿಗೆ ಇದ ಮಾತ ಬರಿಸ್ಯಾರಲ್ರಿ. ಅವ್ರೂ ನಿನ್ನೆ ಅಮಾಸಿ ಪೂಜಿ ಮಾಡ್ಯಾರ."

ದುಂಡಪ್ಪನ ಕೈ ನಿಂತಿತು. "ಅವ್ರ ನಂಬರ್ ಕೊಡು," ಅಂದ. ಮೊದಲನೆಯವನ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.