ಚುಚ್ಚುವುದಿಲ್ಲ ಎಂದ ಉಷಮ್ಮ ಮತ್ತು ನನ್ನ ಹೆಬ್ಬೆರಳು

ಕಾಲು ತೊಳೆಯುವಾಗ ಬಚ್ಚಲಿನ ನೀರು ಕೆಂಪಾಯಿತು.

ನೋವಿರಲಿಲ್ಲ.

ಅದಕ್ಕೇ ಅದು ನನ್ನ ರಕ್ತ ಎಂದು ಮೊದಲು ಅನ್ನಿಸಲೇ ಇಲ್ಲ. ನನ್ನ ಹೆಂಡತಿ ಗಿರಿಜ ಎಲೆ ಅಡಿಕೆ ಉಗುಳಿ ನೀರು ಹಾಕದೆ ಹೋಗಿದ್ದಾಳೆ ಎಂದುಕೊಂಡು ಅವಳಿಗೇ ಬೈದೆ. ಅವಳು ಬಂದು ನೋಡಿದಳು. ನನ್ನ ಬಲಗಾಲು ಎತ್ತಿಸಿದಳು. ಹೆಬ್ಬೆರಳಿನ ಅಡಿಯಲ್ಲಿ ಒಂದು ತೂತು, ಅದರಿಂದ ರಕ್ತ. ಚಪ್ಪಲಿ ತಿರುಗಿಸಿದರೆ ಅಟ್ಟೆಯೊಳಗಿಂದ ಮೊಳೆಯೊಂದು ಮೇಲಕ್ಕೆ ಮೂತಿ ಚಾಚಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಅದರ ಮೇಲೇ ನಿಂತು ಕೆಲಸ ಮಾಡಿದ್ದೆ.

"ನೋವಾಗ್ಲಿಲ್ವೇನ್ರಿ?" ಎಂದಳು.

"ದುಡಿಯೋ ಕಾಲು ಕಣೇ ಇದು. ನೋವಾಗಿದ್ರೆ ಆ ಮೊಳೆಗೇ ಆಗಿರಬೇಕು" ಎಂದೆ.

ನಾನು ತೆಂಗಿನಕಾಯಿ ಸುಲಿಯುವವನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಹೊಸದುರ್ಗದ ಸುತ್ತಿನ ತೋಟ ಮತ್ತು ಕೊಬ್ಬರಿ ಶೆಡ್ಡುಗಳಲ್ಲಿ ಮೂವತ್ತೈದು ವರ್ಷದಿಂದ ಇದೇ ಕೆಲಸ. ಚೂಪಾದ ಹಾರೆಯೊಂದನ್ನು ನೆಲಕ್ಕೆ ನೆಟ್ಟು, ಕಾಯಿ ಎರಡೂ ಕೈಯಲ್ಲಿ ಹಿಡಿದು ಅದಕ್ಕೆ ಹೊಡೆದು ತಿರುವಬೇಕು. ಮೂರು ತಿರುವಿಗೆ ನಾರಿನ ಮಟ್ಟೆ ಬಿಟ್ಟುಕೊಳ್ಳಬೇಕು. ನೋಡುವವರಿಗೆ ಇದು ಕೈ ಕೆಲಸ. ಮಾಡುವವರಿಗೆ ಗೊತ್ತು, ಇದು ಬಲಗಾಲಿನ ಹೆಬ್ಬೆರಳಿನ ಕೆಲಸ. ಅದು ನೆಲ ಕಚ್ಚಿ ಹಿಡಿದರೆ ಮಾತ್ರ ಸೊಂಟ ತಿರುಗುತ್ತದೆ, ಸೊಂಟ ತಿರುಗಿದರೆ ಕಾಯಿ ತಿರುಗುತ್ತದೆ. ದಿನಕ್ಕೆ ಸಾವಿರ ಕಾಯಿ ಸುಲಿಯುವ ಈ ತಿಪ್ಪೇಸ್ವಾಮಿಯ ಬಂಡವಾಳವೆಲ್ಲ ಆ ಒಂದು ಬೆರಳು. ನಮ್ಮ ಗುಂಪಿನ ಆರು ಜನರಲ್ಲಿ ನನ್ನ ಲೆಕ್ಕ ಯಾರೂ ಮುಟ್ಟಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆ ಮೊಳೆ ಚುಚ್ಚುವುದಕ್ಕೆ ನಾಲ್ಕು ತಿಂಗಳ ಮೊದಲೇ ನನಗೆ ಬಾಯಾರಿಕೆ ಶುರುವಾಗಿತ್ತು. ಎಷ್ಟು ನೀರು ಕುಡಿದರೂ ಸಾಲದು. ಉಚ್ಚೆಗೆ ಹೋಗಿ ಹೋಗಿ ಸಾಕಾಗುತ್ತಿತ್ತು. ಷರಟು ತೋಳಿನಲ್ಲಿ ಸಡಿಲವಾಗಿತ್ತು. ಉಷ್ಣ ಜಾಸ್ತಿಯಾಗಿದೆ ಎಂದು ನಾನೇ ತೀರ್ಮಾನ ಮಾಡಿದೆ. ಉಷ್ಣಕ್ಕೆ ಔಷಧಿ ನನ್ನ ಕಾಲಡಿಯಲ್ಲೇ ಬಿದ್ದಿರುತ್ತಿತ್ತು. ದಿನಕ್ಕೆ ಏಳು ಎಳನೀರು, ಕೆಲವು ದಿನ ಒಂಬತ್ತು. ಒಳಗೆ ಎಳೆ ತಿರುಳಿನ ಗಂಜಿ ಕಟ್ಟಿದ್ದರೆ ಅದನ್ನೂ ಕೆರೆದು ತಿನ್ನುತ್ತಿದ್ದೆ. ಕುಡಿದಷ್ಟೂ ಬಾಯಾರಿಕೆ ಹೆಚ್ಚಿತು. ಬಾಯಾರಿಕೆ ಹೆಚ್ಚಿದಷ್ಟೂ ಕುಡಿದೆ. ನನ್ನ ಬುದ್ಧಿವಂತಿಕೆಗೆ ಈಗ ನಗು ಬರುತ್ತದೆ. ಆಗ ಬರಲಿಲ್ಲ.

ಗಾಯಕ್ಕೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿ ಹತ್ತು ದಿನ ಕೆಲಸಕ್ಕೆ ಹೋದೆ. ಹನ್ನೊಂದನೇ ದಿನ ವಾಸನೆ ಬಂತು. ಗಿರಿಜ ತಟ್ಟೆ ಮುಂದಿಟ್ಟು ಮೂಗು ಮುಚ್ಚಿಕೊಂಡಳು. ನನಗೆ ಅವಮಾನವಾಯಿತು. ನೇರ ಉಷಮ್ಮನ ಮೆಡಿಕಲ್ ಶಾಪಿಗೆ ಹೋದೆ.

ಉಷಮ್ಮ ಹೊಳಲ್ಕೆರೆ ಕಡೆಯ ಹೆಣ್ಣುಮಗಳು. ಬಿ.ಫಾರ್ಮ ಓದಿ, ನಮ್ಮ ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟಿದ್ದಾಳೆ. ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವಳು. ಅಂಗಡಿಯಲ್ಲಿ ಯಾವಾಗಲೂ ನಾಲ್ಕು ಜನ ಇರುತ್ತಾರೆ. ಆವತ್ತೂ ಇದ್ದರು.

"ಸೆಪ್ಟಿಕ್ ಆಗದಂಗೆ ಒಂದು ಇಂಜೆಕ್ಷನ್ ಹಾಕಮ್ಮ. ಮಾತ್ರೆನೂ ಕೊಡು. ಬೇಗ, ಕೆಲಸ ಐತೆ."

"ನಾನು ಚುಚ್ಚೋ ಹಂಗಿಲ್ಲಣ್ಣ. ಆಸ್ಪತ್ರೆಗೆ ಹೋಗ್ರಿ."

"ಫ್ರಿಡ್ಜ್ ತುಂಬ ಇಂಜೆಕ್ಷನ್ ಇಟ್ಕಂಡೀಯ. ಅಷ್ಟು ಓದೀಯ. ಚುಚ್ಚಾಕೆ ಬರಲ್ವಾ?"

"ಬರ್ತೈತೆ. ಚುಚ್ಚೋ ಹಂಗಿಲ್ಲ."

ಗೋಡೆಯ ಮೇಲೆ ಗಾಜು ಹಾಕಿಸಿ ನೇತುಹಾಕಿದ್ದ ಲೈಸೆನ್ಸ್ ತೋರಿಸಿದಳು. ಅದರಲ್ಲಿ ಔಷಧಿ ಮಾರಲು ಅನುಮತಿ ಇದೆ, ಚುಚ್ಚಲು ಇಲ್ಲ. ಮೊದಲೆಲ್ಲ ಕೌಂಟರಿನಲ್ಲೇ ಜನರ ಬೆರಳು ಚುಚ್ಚಿ ಶುಗರ್ ನೋಡಿ ಹೇಳುತ್ತಿದ್ದಳಂತೆ. ಇಲಾಖೆಯವರು ಬಂದು, ಅದು ನಿಮ್ಮ ಕೆಲಸವಲ್ಲ, ಇನ್ನು ಮಾಡಬೇಡಿ ಎಂದು ಹೇಳಿ ಹೋದ ಮೇಲೆ ನಿಲ್ಲಿಸಿದ್ದಳು. ನನಗೆ ಅದೆಲ್ಲ ಕುಂಟು ನೆಪ ಎನ್ನಿಸಿತು. ನಾಲ್ಕು ಜನರ ಎದುರು ಇಲ್ಲ ಎಂದಳಲ್ಲ, ಅದು ಚುರುಕ್ಕೆಂದಿತು. ಕಾಲಿನ ಮೊಳೆ ಗೊತ್ತಾಗದವನಿಗೆ ಆ ಮಾತು ಮಾತ್ರ ಚೆನ್ನಾಗಿ ಗೊತ್ತಾಯಿತು.

ಹೊರಡಲು ತಿರುಗಿದೆ. ಅವಳು ಬಿಡಲಿಲ್ಲ.

"ಕುಂತ್ಕಳ್ರಿ ಅಣ್ಣ. ಗಾಯ ನೋಯ್ತೈತಾ?"

"ಇಲ್ಲ."

"ನೀರು ಜಾಸ್ತಿ ಕುಡೀತೀರಾ?"

"ಎಳನೀರು ಕುಡೀತೀನಿ. ಒಂಬತ್ತು."

ಅವಳು ಶುಗರ್ ನೋಡುವ ಸಣ್ಣ ಮಿಷನ್ ತೆಗೆದು ಕೌಂಟರಿನ ಮೇಲಿಟ್ಟಳು. "ಇದನ್ನ ಮಾರಬಹುದು, ಹೆಂಗೆ ಬಳಸೋದು ಅಂತ ತೋರಿಸಬಹುದು. ಬೆರಳು ನಿಮ್ದು. ನೀವೇ ಚುಚ್ಕಳ್ರಿ."

ಇಲ್ಲೊಂದು ನಿಜ ಹೇಳಬೇಕು. ಮೂವತ್ತೈದು ವರ್ಷ ಹಾರೆಯ ಮೊನೆಯಿಂದ ಗೇಣು ದೂರದಲ್ಲಿ ಕೈಯಾಡಿಸಿದವನು ನಾನು. ಆ ಸಾಸಿವೆಯಷ್ಟು ಸೂಜಿ ನೋಡಿ ಬೆವೆತೆ. ಮೂರು ಸಲ ಬೆರಳು ಹತ್ತಿರ ತಂದು ಮೂರು ಸಲವೂ ಹಿಂದಕ್ಕೆಳೆದುಕೊಂಡೆ. ಬೆಂಚಿನ ಮೇಲಿದ್ದ ಅಜ್ಜ ಒಬ್ಬ, "ಲೇ ತಿಪ್ಪ, ಕಾಯಿ ಅಂದ್ಕಂಡು ಹೊಡಿಯೋ!" ಎಂದ. ಎಲ್ಲರೂ ನಕ್ಕರು. ಸಿಟ್ಟಿನಲ್ಲಿ ಚುಚ್ಚಿಕೊಂಡೆ.

ಮಿಷನ್ ಐದು ಎಣಿಸುವಷ್ಟರಲ್ಲಿ ನಂಬರು ತೋರಿಸಿತು. ನಾನೂರ ಹನ್ನೆರಡು.

ನನಗೆ ಖುಷಿಯಾಯಿತು. ನನ್ನ ಜೀವನದಲ್ಲಿ ದೊಡ್ಡ ನಂಬರು ಯಾವತ್ತೂ ಒಳ್ಳೆಯದೇ. ಮಿಷನ್ ಎತ್ತಿ ಅಜ್ಜನಿಗೆ ತೋರಿಸಿದೆ. "ನೋಡು, ನಾನೂರ ಹನ್ನೆರಡು! ನಿಂದೆಷ್ಟು?"

ಅಜ್ಜ ನಗಲಿಲ್ಲ. "ನಂದು ಇನ್ನೂರು ಆದಾಗ್ಲೇ ಮನೇಲಿ ಎಲ್ರೂ ಅತ್ತಿದ್ರು ಕಣಪ್ಪ" ಎಂದ.

ಉಷಮ್ಮ ನನ್ನ ಫೋನಿನಿಂದಲೇ ಗಿರಿಜಳಿಗೆ ಮಾತಾಡಿದಳು. ಅಂಗಡಿಯ ಎದುರಿನ ಆಟೋ ಕರೆದಳು. "ಇದಕ್ಕೆ ಏನು ಹೆಸರು ಅಂತ ಹೇಳೋದು ಡಾಕ್ಟ್ರು, ನಾನಲ್ಲ. ಆದ್ರೆ ಇವತ್ತೇ ಹೋಗ್ರಿ. ನಾಳೆ ಅಂದ್ರೆ ನಿಮಗೆ ಈ ಅಂಗಡೀಲಿ ಒಂದು ಬ್ಯಾಂಡೇಜೂ ಕೊಡಲ್ಲ."

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಬಟ್ಟೆ ಬಿಚ್ಚಿ ನೋಡಿ, ಕುಳಿತುಕೊಳ್ಳಲೂ ಹೇಳದೆ ದುರ್ಗದ ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟರು. ಸಂಜೆಯೊಳಗೆ ನಾನು ದುರ್ಗದಲ್ಲಿ, ಬೆಡ್ಡಿನ ಮೇಲೆ, ಡ್ರಿಪ್ ಹಾಕಿಸಿಕೊಂಡು ಮಲಗಿದ್ದೆ. ಸರ್ಜನ್ ಬಂದರು. ಮಾತು ಕಡಿಮೆ, ಕಣ್ಣು ಚುರುಕು.

"ಇನ್ಫೆಕ್ಷನ್ ಮೂಳೆಗೆ ಇಳಿದಿದ್ದರೆ ಬೆರಳು ತೆಗೆಯಬೇಕಾಗುತ್ತೆ."

ಯಾವ ಬೆರಳು ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ಹೆಬ್ಬೆರಳು."

ಗಿರಿಜ ನನ್ನ ಕೈ ಹಿಡಿದುಕೊಂಡಳು. ಆಸ್ಪತ್ರೆಯಲ್ಲಿ ಜನರೆದುರು ಅವಳು ಕೈ ಹಿಡಿದದ್ದು ಅದೇ ಮೊದಲು. ನಾನು ಬಿಡಿಸಿಕೊಳ್ಳಲಿಲ್ಲ.

ಎಕ್ಸ್‌ರೇ ತೆಗೆದರು. ಕೀವು ತೆಗೆದು ತೊಳೆದರು. ಮೂರು ದಿನ ನೋಡೋಣ ಎಂದರು. ಆ ಮೂರು ದಿನ ನಾನು ಮಾಡಿದ್ದು ಒಂದೇ, ಕಾಲ ತುದಿಯ ಬ್ಯಾಂಡೇಜನ್ನು ನೋಡುತ್ತಾ ಮಲಗಿದ್ದು. ಕೈಯೊಂದು ಮುರಿದಿದ್ದರೂ ಇಷ್ಟು ಹೆದರುತ್ತಿರಲಿಲ್ಲ. ಬೆರಳಿಲ್ಲದ ಕಾಲಿನಲ್ಲಿ ಹಾರೆಯ ಮುಂದೆ ಹೇಗೆ ನಿಲ್ಲುವುದು? ಬೇರೆ ಏನು ಕೆಲಸ ಬರುತ್ತದೆ ನನಗೆ? ಸಹಿ ಹಾಕುವುದನ್ನು ಬಿಟ್ಟರೆ ನಾನು ಪೆನ್ನು ಹಿಡಿದವನಲ್ಲ. ಈ ಕಥೆಯನ್ನೂ ನಾನು ಹೇಳುತ್ತಾ ಹೋದಂತೆ ತಂಗಿಯ ಮಗಳು ಬರೆದುಕೊಂಡಿದ್ದಾಳೆ.

ಎರಡನೇ ದಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬಳು ನೈಲಾನ್ ದಾರದಂಥದ್ದು ಹಿಡಿದು ಬಂದಳು. "ಕಣ್ಣು ಮುಚ್ಚಿ. ಪಾದ ಮುಟ್ಟಿದಾಗ ಹೂಂ ಅನ್ನಿ" ಎಂದಳು. ಸ್ಪರ್ಶ ಇಲ್ಲ ಎಂದರೆ ಬೆರಳು ಕತ್ತರಿಸಿಯೇ ಬಿಡುತ್ತಾರೆ ಎಂದು ನನ್ನ ಲೆಕ್ಕ. ಕಣ್ಣು ಮುಚ್ಚಿ, ಹೂಂ ಎಂದೆ. ಸ್ವಲ್ಪ ಬಿಟ್ಟು ಇನ್ನೊಂದು ಹೂಂ. ಮತ್ತೊಂದು.

"ನಾನಿನ್ನೂ ಶುರು ಮಾಡಿಲ್ಲ ಅಂಕಲ್" ಎಂದಳು.

ಪಕ್ಕದ ಬೆಡ್ಡಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿರಿಜಳೂ ಸೆರಗು ಬಾಯಿಗಿಟ್ಟುಕೊಂಡಳು. ಆ ಮೂರು ದಿನದಲ್ಲಿ ಅವಳು ನಕ್ಕದ್ದು ಆಗ ಮಾತ್ರ. ಸುಳ್ಳು ಹೇಳಿ ಸಿಕ್ಕಿಬಿದ್ದದ್ದಕ್ಕೂ ನನಗೆ ಸಮಾಧಾನವಾಯಿತು.

ನಾಲ್ಕನೇ ದಿನ ಸರ್ಜನ್ ಎಕ್ಸ್‌ರೇ ಬೆಳಕಿಗೆ ಹಿಡಿದರು. "ಮೂಳೆಗೆ ಇಳಿದಿಲ್ಲ. ಗಾಯದಲ್ಲೂ ಹೊಸ ಮಾಂಸ ಬರ್ತಾ ಇದೆ. ಬೆರಳು ಉಳಿಯುತ್ತೆ."

ಬೆರಳು ಉಳಿಯುತ್ತೆ.

ನಾನು ಜೋರಾಗಿ ಅತ್ತೆ. ನನಗೇ ಆಶ್ಚರ್ಯವಾಗುವಷ್ಟು. ಸರ್ಜನ್ ನನ್ನ ಭುಜ ತಟ್ಟಿ, "ಇನ್ನೊಂದು ವಾರ ಮಾತ್ರೆ ನುಂಗಿಕೊಂಡು ಓಡಾಡಿದ್ದರೆ ಈ ಮಾತು ಹೇಳೋಕೆ ಆಗ್ತಿರಲಿಲ್ಲ. ಯಾರು ಕಳಿಸಿದ್ದು ನಿಮ್ಮನ್ನ?" ಎಂದರು.

"ಇಂಜೆಕ್ಷನ್ ಹಾಕಲ್ಲ ಅಂದೋಳು ಸಾರ್" ಎಂದೆ.

ಆ ವಾರ್ಡಿನಲ್ಲಿ ನನಗೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು. ಉಷಮ್ಮ ಆವತ್ತು ಒಂದು ಸೂಜಿ ಚುಚ್ಚಿ ನಾಲ್ಕು ಮಾತ್ರೆ ಕಟ್ಟಿಕೊಟ್ಟಿದ್ದರೆ ನಾನು ಅವಳನ್ನು ಹೊಗಳುತ್ತಾ ಕೆಲಸಕ್ಕೆ ಹೋಗಿರುತ್ತಿದ್ದೆ. ಹೊಗಳುತ್ತಾ ಬೆರಳು ಕಳೆದುಕೊಳ್ಳುತ್ತಿದ್ದೆ. ಹಾಗಾಗಿ ರೂಲ್ಸಿಗೆ ಕೈ ಮುಗಿಯುತ್ತೇನೆ. ಆದರೆ ಇನ್ನೊಂದು ಮಾತೂ ಅಷ್ಟೇ ನಿಜ. ಅದೇ ರೂಲ್ಸನ್ನು ಹಿಡಿದುಕೊಂಡು ಅವಳು ಹೋಗಪ್ಪ ಎಂದು ಸುಮ್ಮನಾಗಿದ್ದರೂ ಬೆರಳು ಹೋಗುತ್ತಿತ್ತು. ನನ್ನನ್ನು ಉಳಿಸಿದ್ದು ಇಲ್ಲ ಎಂದ ಮೇಲೂ ಅವಳು ಕೇಳಿದ ಆ ಎರಡು ಪ್ರಶ್ನೆ. ಅದಕ್ಕೆ ಯಾವ ಲೈಸೆನ್ಸಿನಲ್ಲೂ ಜಾಗವಿಲ್ಲ.

ಹನ್ನೊಂದು ದಿನಕ್ಕೆ ಮನೆಗೆ ಕಳಿಸಿದರು. ಎಳನೀರು ಬಂದ್. ಮುದ್ದೆಗೂ ಅಳತೆ. ದಿನಕ್ಕೆ ಎರಡು ಸಲ ಇನ್ಸುಲಿನ್, ಹೊಟ್ಟೆಯ ಚರ್ಮಕ್ಕೆ. ಹೇಗೆ ಹಾಕಿಕೊಳ್ಳಬೇಕೆಂದು ನರ್ಸಮ್ಮ ಎರಡೇ ದಿನದಲ್ಲಿ ಕಲಿಸಿದ್ದರು. ಉಷಮ್ಮನ ಅಂಗಡಿಗೆ ಹೋದಾಗ ಇದನ್ನು ಹೇಳಿ ಕೆಣಕಿದೆ.

"ನೋಡಮ್ಮ, ಬಿ.ಫಾರ್ಮ ಓದಿದ ನೀನು ಚುಚ್ಚೋ ಹಂಗಿಲ್ಲ. ಐದನೇ ಕ್ಲಾಸಿನ ನಾನು ದಿನಾ ಎರಡು ಸಲ ಚುಚ್ತೀನಿ."

"ನಿಮ್ಮ ಹೊಟ್ಟೆ ನಿಮ್ದು ಅಣ್ಣ. ಅದಕ್ಕೆ ಲೈಸೆನ್ಸ್ ಬೇಡ. ಪಕ್ಕದ ಮನೆಯೋರ ಹೊಟ್ಟೆಗೆ ಹೋಗಬ್ಯಾಡ್ರಿ ಅಷ್ಟೆ" ಎಂದು ನಕ್ಕಳು.

ಶುಗರ್ ಇರುವವರಿಗೆ ನ್ಯುಮೋನಿಯಾ ಬಂದರೆ ಕಷ್ಟ, ಲಸಿಕೆ ಹಾಕಿಸಿಕೊಳ್ಳಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಲಸಿಕೆ ಇದ್ದದ್ದು ಉಷಮ್ಮನ ಫ್ರಿಡ್ಜಿನಲ್ಲಿ. ಹಾಕಬೇಕಾದ ಡಾಕ್ಟರ ಕ್ಲಿನಿಕ್ ಇದ್ದದ್ದು ಊರಿನ ಆ ತುದಿಯಲ್ಲಿ. ಕೆಲವು ಹೊರದೇಶಗಳಲ್ಲಿ ಮೆಡಿಕಲ್ ಶಾಪಿನವರಿಗೇ ತರಬೇತಿ ಕೊಟ್ಟು, ಸರ್ಕಾರವೇ ಬರೆದುಕೊಟ್ಟು, ಲಸಿಕೆ ಹಾಕಿಸುತ್ತಾರಂತೆ. ಉಷಮ್ಮ ಹೇಳಿದಳು.

"ನಿನಗೂ ಬರೆದುಕೊಟ್ರೆ?"

"ಕಲಿಸಿ, ಪರೀಕ್ಷೆ ಮಾಡಿ, ಆಮೇಲೆ ಬರೆದುಕೊಡ್ಲಿ. ಹಾಕ್ತೀನಿ. ಸುಮ್ನೆ ಕೊಟ್ರೆ ಬ್ಯಾಡ."

ನನ್ನ ಅಭಿಪ್ರಾಯವೂ ಅದೇ. ನಾವು ಹೊಸಬರನ್ನು ಮೊದಲ ದಿನವೇ ಹಾರೆ ಮುಂದೆ ನಿಲ್ಲಿಸುವುದಿಲ್ಲ. ಆದರೆ ಕಲಿತ ಮೇಲೂ ನಿಲ್ಲಿಸದಿದ್ದರೆ ಅದೂ ತಪ್ಪೇ.

ಅವಳು ಲಸಿಕೆಯನ್ನು ಐಸ್ ಪ್ಯಾಕಿನ ನಡುವೆ ಇಟ್ಟು ಥರ್ಮಾಕೋಲ್ ಡಬ್ಬಿಯಲ್ಲಿ ಕೊಟ್ಟಳು. "ನೇರ ಹೋಗ್ರಿ. ದಾರೀಲಿ ಯಾರನ್ನೂ ಮಾತಾಡಿಸಬ್ಯಾಡ್ರಿ." ಆಟೋದಲ್ಲಿ ಡಬ್ಬಿಯನ್ನು ಎದೆಗೆ ಅವಚಿಕೊಂಡು ಕುಳಿತೆ. ಗಿರಿಜ ನೋಡಿ ನೋಡಿ, "ನಮ್ಮ ಮಗ ಹುಟ್ಟಿದಾಗ್ಲೂ ಹಿಂಗೆ ಎತ್ಕಳ್ಳಿಲ್ಲ ನೀವು" ಎಂದಳು. ಆಟೋದವನಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರು ಡಬ್ಬಿ ಬಿಚ್ಚಿ ತಣ್ಣಗಿದೆಯೇ ಎಂದು ನೋಡಿ, ತೋಳಿಗೆ ಹಾಕಿ ಕಳಿಸಿದರು.

ನಮ್ಮ ಗುಂಪಿನ ಉಳಿದ ಐವರನ್ನೂ ನಾನೇ ಒಂದು ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಎಳೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ಅವರಲ್ಲಿ ಹಾಲೇಶನಿಗೆ ಶುಗರ್ ಶುರುವಾಗಿತ್ತು. ಅವನ ಗಾಯವಿಲ್ಲದ ಕಾಲು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು.

ಗಾಯ ಪೂರ್ತಿ ಮುಚ್ಚಲು ಎರಡು ತಿಂಗಳು ಹಿಡಿಯಿತು. ಬೆರಳಿಗೆ ಸ್ಪರ್ಶ ಬಂದಿಲ್ಲ. ಬರಲಿಕ್ಕಿಲ್ಲ ಎಂದೂ ಹೇಳಿದ್ದಾರೆ. ರಾತ್ರಿ ಮಲಗುವ ಮೊದಲು ಗಿರಿಜ ಟಾರ್ಚ್ ಹಿಡಿದು ನನ್ನ ಎರಡೂ ಪಾದ ಪರೀಕ್ಷಿಸುತ್ತಾಳೆ, ಅಕ್ಕಿ ಆರಿಸುವ ಹಾಗೆ. ಮುಚ್ಚಿದ ಶೂ ಹಾಕಿಕೊಂಡು, ಅರ್ಧ ದಿನ ಮಾತ್ರ ಕೆಲಸ ಮಾಡಬಹುದು ಎಂದು ಡಾಕ್ಟರು ಒಪ್ಪಿದರು.

ಮೊನ್ನೆ ಸೋಮವಾರ ಶೆಡ್ಡಿಗೆ ಹೋದೆ. ಗಿರಿಜ ನಂಬಿಕೆ ಸಾಲದೆ ಹಿಂದೆಯೇ ಬಂದಳು. ಐದೂ ಜನ ಕೆಲಸ ನಿಲ್ಲಿಸಿ ನೋಡುತ್ತಾ ನಿಂತರು. ನಾನು ಹಾರೆಯ ಮುಂದೆ ಶೂ ಕಾಲು ಊರಿ, ಒಂದು ಕಾಯಿ ಎತ್ತಿಕೊಂಡೆ. ಬೆರಳು ನೆಲ ಹಿಡಿದಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಹೊಡೆದೆ. ತಿರುವಿದೆ.

ಒಂದು. ಎರಡು. ಮೂರು.

ಮಟ್ಟೆ ಬಿಟ್ಟುಕೊಂಡಿತು. ಬೆರಳು ಅಲ್ಲಿದೆ ಎಂದು ನನಗೆ ಗೊತ್ತಾಗದಿದ್ದರೂ ಕಾಯಿಗೆ ಗೊತ್ತಾಗಿತ್ತು.

"ಇವತ್ತಿಗೆ ನೂರು ಸಾಕು" ಎಂದಳು ಗಿರಿಜ, ಕಾಯಿಯ ರಾಶಿಯ ಪಕ್ಕ ಎಣಿಸಲು ಕುಳಿತುಕೊಳ್ಳುತ್ತಾ. ನೂರು ನನಗೆ ಯಾವ ಲೆಕ್ಕವೂ ಅಲ್ಲ. ಆದರೂ ಹೂಂ ಎಂದೆ.